ಸಾಲುಗಾಳ: ಸಂಜೆ ಬಿಟ್ಟು ಬೆಳಗ್ಗೆ ಎತ್ತುವ ಬಗೆ

ಒಂದೇ ಹುರಿಗೆ ಹತ್ತಾರು ಗಾಳ ಕಟ್ಟಿ ರಾತ್ರಿಯಿಡೀ ನೀರಿನಲ್ಲಿ ಬಿಡುವ ಸಾಲುಗಾಳವು, ಕತ್ತಲಾದ ಮೇಲೆ ತಳದಲ್ಲಿ ಆಹಾರ ಹುಡುಕುವ ಬಾಳೆ, ಗಿರ್ಲುಗಳಂತಹ ಮೀಸೆಯ ಮೀನುಗಳಿಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ಮೊದಲು ಮೀನುಗಾರಿಕೆ ಇಲಾಖೆಯ ಅನುಮತಿ ವಿಚಾರಿಸಿಕೊಳ್ಳಬೇಕು. ರಾಜ್ಯದ ಒಳನಾಡು ಮೀನುಗಾರಿಕೆಗೆ 1996ರ ಕಾಯ್ದೆಯೇ ಇದೆ. ತುಂಗಭದ್ರಾ ಅಣೆಕಟ್ಟೆಯ ಕೆಳಗಿನಿಂದ ಕಂಪ್ಲಿಯವರೆಗಿನ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗೆಂದು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಕಾವಲಿಲ್ಲದ ಗಾಳಕ್ಕೆ ಅದು ತಕ್ಕ ಜಾಗವಲ್ಲ.

ಮೂವತ್ತು ಮೀಟರ್ ಉದ್ದದ, ಎರಡು-ಮೂರು ಮಿಲಿಮೀಟರ್ ದಪ್ಪದ ನೈಲಾನ್ ಹುರಿ ತೆಗೆದುಕೊಳ್ಳಿ. ಎರಡೂ ತುದಿಯಲ್ಲಿ ಮೂರು ಮೀಟರ್ ಬಿಟ್ಟು, ಮಧ್ಯೆ ಮೀಟರಿಗೊಂದರಂತೆ ಜಾರದ ಕುಣಿಕೆ ಹಾಕಿದರೆ 25 ಗಾಳಗಳಿಗೆ ಜಾಗವಾಗುತ್ತದೆ. ಗಾಳದ ಕವಲುದಾರ 40 ಸೆಂಟಿಮೀಟರ್ ಮೀರಬಾರದು. ಅಷ್ಟಿದ್ದರೆ ಅಕ್ಕಪಕ್ಕದ ಎರಡು ದಾರಗಳು ಎದುರುಬದುರಾಗಿ ಚಾಚಿದರೂ ಒಂದಕ್ಕೊಂದು ಸಿಕ್ಕಿಕೊಳ್ಳುವುದಿಲ್ಲ. ಗಂಟು ಬಿಗಿಯುವ ಮುನ್ನ ಎಂಜಲು ಹಚ್ಚಿ ಒದ್ದೆ ಮಾಡಿ: ಒಣ ನೈಲಾನ್ ಉಜ್ಜಿ ಬಿಸಿಯಾದರೆ ಗಂಟಿನ ಬಳಿಯೇ ಕಡಿದುಹೋಗುತ್ತದೆ.

ಎರೆಹುಳು ಸುಲಭವಾಗಿ ಸಿಗುವ ಎರೆಯಾದರೂ ಸಣ್ಣ ಮೀನುಗಳು ರಾತ್ರಿಯಲ್ಲೇ ಕಿತ್ತು ತಿಂದುಬಿಡುತ್ತವೆ. ಕೋಳಿಯ ಕರುಳು ಗಟ್ಟಿ, ಬೆಳಗಿನವರೆಗೂ ನಿಲ್ಲುತ್ತದೆ. ನನ್ನ ಆಯ್ಕೆ ಅದೇ.

ಹುರಿಯ ಒಂದು ತುದಿಯನ್ನು ದಡದ ಗೂಟಕ್ಕೆ ಕಟ್ಟಿ, ಹರಿಗೋಲಿನಲ್ಲಿ ಮೆಲ್ಲನೆ ಸಾಗುತ್ತ ಗಾಳಗಳನ್ನು ಒಂದೊಂದಾಗಿ ನೀರಿಗಿಳಿಸಬೇಕು. ಕೊನೆಯಲ್ಲಿ ಕಟ್ಟಿದ ಮೂರು-ನಾಲ್ಕು ಕಿಲೋ ಕಲ್ಲನ್ನು ಎಸೆಯದೆ ಕೈಯಿಂದ ಇಳಿಬಿಡಿ. ಎಸೆದರೆ ಹುರಿ ಸೆಳೆದು ಉಳಿದ ಗಾಳ ಬೆರಳಿಗೋ ಲುಂಗಿಗೋ ಚುಚ್ಚಿ, ಆಳು ಕಲ್ಲಿನ ಜೊತೆಗೆ ನೀರಿಗೆ ಬೀಳುವ ಅಪಾಯವಿದೆ. ಹಾಗಾಗಿ ಹರಿತವಾದ ಚಾಕು ಕೈಗೆಟುಕುವಂತಿರಲಿ. ಕಲ್ಲಿರುವ ಜಾಗ ಗುರುತಿಸಲು ಅದಕ್ಕೊಂದು ತೇಲುವ ಬೆಂಡನ್ನು ಕಟ್ಟುತ್ತಾರೆ. ಆ ದಾರ ನೀರಿನ ಆಳಕ್ಕಿಂತ ಒಂದೆರಡು ಮೀಟರ್ ಉದ್ದವಿರಬೇಕು. ಇಲ್ಲದಿದ್ದರೆ ರಾತ್ರಿ ಜಲಾಶಯದ ಮಟ್ಟ ಏರಿದಾಗ ಬೆಂಡು ಮುಳುಗಿಹೋಗುತ್ತದೆ.

ಬೆಳಕು ಹರಿಯುತ್ತಿದ್ದಂತೆ ಎತ್ತಿಬಿಡಿ. ತಡವಾದರೆ ಮೀನು ಸತ್ತು ಮೆತ್ತಗಾಗುತ್ತದೆ, ಏಡಿಗಳೂ ತಿನ್ನುತ್ತವೆ. ಆಮೆ ಕಂಡ ಕಡೆ ಸಾಲುಗಾಳ ಹಾಕಲೇಬಾರದು, ಏಕೆಂದರೆ ತಳದಲ್ಲಿ ಸಿಕ್ಕಿಬಿದ್ದ ಆಮೆ ಉಸಿರಿಗೆ ಮೇಲೆ ಬರಲಾಗದೆ ಸಾಯುತ್ತದೆ. ಎತ್ತುವಾಗ ಕವಲುದಾರ ಜಗ್ಗಿದರೆ ಬಲವಾಗಿ ಸೆಳೆಯದೆ, ಮೀನು ಪಕ್ಕಕ್ಕೆ ಬಂದ ಮೇಲೆ ಕೈಬಲೆ ಹಾಕಿ; ಗಿರ್ಲಿನ ಬೆನ್ನ ಮುಳ್ಳು ಚುಚ್ಚುವುದರಿಂದ ಬರಿಗೈ ಬೇಡ. ಬಿಡಿಸಿದ ಗಾಳಗಳನ್ನು ಬುಟ್ಟಿಯ ಅಂಚಿಗೆ ಹೊಲಿದ ಗೋಣಿಪಟ್ಟಿಗೆ ಕ್ರಮವಾಗಿ ಚುಚ್ಚುತ್ತ ಹುರಿಯನ್ನು ಒಳಗೆ ಸುತ್ತಿದರೆ, ಸಂಜೆಗೆ ಅದೇ ಕ್ರಮದಲ್ಲಿ ಮತ್ತೆ ನೀರಿಗಿಳಿಸಬಹುದು.