ಕಲ್ಲಿರುವ ಬೀಚಿನಲ್ಲಿ ನೀರಿಗಿಳಿಯುವ ಮುನ್ನ

ಕ್ರೂಸ್ ಹಡಗು ನಿಂತ ಕಡೆಯೆಲ್ಲ ಮೆತ್ತನೆಯ ಮರಳೇ ಸಿಗುತ್ತದೆ ಅಂದುಕೊಳ್ಳಬೇಡಿ. ಎಷ್ಟೋ ಬೀಚುಗಳಲ್ಲಿ ದಡದಲ್ಲಷ್ಟೇ ಮರಳು, ನೀರಿಗೆ ಕಾಲಿಟ್ಟ ಕೂಡಲೇ ಕಲ್ಲು. ಹಡಗಿನಿಂದ ಇಳಿಯುವಾಗಲೇ ನೀರಿನಲ್ಲಿ ಹಾಕಿಕೊಂಡು ನಡೆಯುವ ವಾಟರ್ ಶೂ ಬ್ಯಾಗಿನಲ್ಲಿರಲಿ. ಹವಾಯಿ ಚಪ್ಪಲಿ ಬೇಡವೇ ಬೇಡ, ಒಂದು ಅಲೆ ಬಂದರೆ ಸಾಕು, ಕಳಚಿಕೊಂಡು ಹೋಗುತ್ತದೆ.

ಹೋದ ತಕ್ಷಣ ಇಳಿಯಬೇಡಿ. ಐದು ನಿಮಿಷ ಸುಮ್ನೆ ನಿಂತು ನೋಡಿ. ಬೇರೆಯವರು ಎಲ್ಲಿ ಇಳಿಯುತ್ತಾರೆ ಅನ್ನೋದಕ್ಕಿಂತ ಎಲ್ಲಿ ಹತ್ತಿ ಬರುತ್ತಾರೆ ಅನ್ನೋದು ಮುಖ್ಯ. ವಾಪಸ್ ಬರುವಾಗಲೇ ಜಾಸ್ತಿ ಕಷ್ಟ. ಮೈ ಸುಸ್ತಾಗಿರುತ್ತದೆ, ಹಿಂದಿನಿಂದ ಅಲೆ ತಳ್ಳುತ್ತಿರುತ್ತದೆ.

ಪಾಚಿ ಕಟ್ಟಿ ಮಿರುಗುವ ಕಲ್ಲು ಶೂ ಇದ್ದರೂ ಜಾರುತ್ತದೆ. ಅಲ್ಲಿ ಹೆಜ್ಜೆ ಎತ್ತಿ ಇಡಬೇಡಿ, ಪಾದದಲ್ಲೇ ತಡವಿಕೊಂಡು ಹೋಗಿ. ದೊಡ್ಡ ಅಲೆಗಳು ಒಂದರ ಹಿಂದೊಂದು ಬಂದು ಆಮೇಲೆ ಸ್ವಲ್ಪ ಹೊತ್ತು ತಣ್ಣಗಾಗುತ್ತವೆ, ಆಗ ಇಳಿಯಿರಿ. ಈಜು ಬರುವವರು ನೀರು ತೊಡೆಯವರೆಗೆ ಬಂದ ಕೂಡಲೇ ನಡೆಯುವುದನ್ನು ಬಿಟ್ಟು ಮೆಲ್ಲಗೆ ತೇಲಿಬಿಡಿ.

ಇನ್ನೊಂದು ಮಾತು, ಬಂಡೆಯ ಸಂದಿಗೆ ಕೈ ಹಾಕಬೇಡಿ. ಮುಳ್ಳಿನ ಉಂಡೆಯಂಥ ಸೀ ಅರ್ಚಿನ್ ಅನ್ನೋ ಸಮುದ್ರಜೀವಿ ಅಲ್ಲೇ ಕೂತಿರುತ್ತದೆ. ಅದರ ಮುಳ್ಳು ಚುಚ್ಚಿದರೆ ಚರ್ಮದೊಳಗೇ ಮುರಿದುಕೊಳ್ಳುತ್ತದೆ. ಅಲೆ ಜೋರಾಗಿದ್ದರೆ ದಡದಲ್ಲೇ ಕೂತುಬಿಡಿ.