ಅಡಿಕೆ ದಬ್ಬೆ ಹಿಡಿದು ಅಮ್ಮ ಎದ್ದಳು

ಎಂಬತ್ತಾರರ ವಯಸ್ಸಿನಲ್ಲಿ ಸೊಂಟ ಮುರಿದುಕೊಂಡ ನನ್ನ ಅಮ್ಮ ಈಗ ಕೋಣೆಯಿಂದ ಜಗಲಿಗೆ, ಜಗಲಿಯಿಂದ ಬಚ್ಚಲಿಗೆ ಯಾರ ಹೆಗಲನ್ನೂ ಹಿಡಿಯದೆ ಹೋಗಿ ಬರುತ್ತಾಳೆ. "ಇನ್ನು ಹಾಸಿಗೆಯೇ ಗತಿ, ಬೆಂಗಳೂರಿನಲ್ಲಿ ಎಲ್ಲಾದರೂ ಸೇರಿಸು" ಎಂದಿದ್ದ ನೆಂಟರು ದೀಪಾವಳಿಗೆ ಬಂದು, ಅವಳು ಜಗಲಿಯಲ್ಲಿ ಅಡಿಕೆ ಆರಿಸುವುದನ್ನು ನೋಡಿ ಮಾತಾಡದೆ ಕಾಫಿ ಕುಡಿದು ಹೋದರು. ಅಂದಿನಿಂದ ಹೇಗೆ ಮಾಡಿದೆ ಎಂದು ಫೋನು ಮಾಡಿ ಕೇಳುವವರು ಹೆಚ್ಚಾಗಿದ್ದಾರೆ. ಮನೆಯಲ್ಲೇ ಹಿರಿಯರನ್ನು ನೋಡಿಕೊಳ್ಳುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಡೈಪರ್ ಹಾಕುವುದು, ಮಗ್ಗುಲು ಬದಲಿಸುವುದು ನಿಮಗೆ ಗೊತ್ತಿದ್ದೇ ಇದೆ, ಅದನ್ನು ಬಿಟ್ಟುಬಿಡುತ್ತೇನೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆಯ ದಿಕ್ಕು. ಮಳೆಗಾಲದಲ್ಲಿ ಕಾವಿ ನೆಲ ಬೆವರುತ್ತದೆ. ಎರಡು ವರ್ಷದ ಹಿಂದಿನ ಜೂನ್‌ನಲ್ಲಿ ಅಂಥ ನೆಲದ ಮೇಲೇ ಬಿದ್ದಳು. ಶಿವಮೊಗ್ಗದಲ್ಲಿ ಆಪರೇಷನ್ ಮಾಡಿ ಅರ್ಧ ಕೀಲು ಬದಲಿಸಿದರು. ಔಷಧಿ, ಓಡಾಟ ಸೇರಿ ಎರಡು ಲಕ್ಷಕ್ಕೆ ಸ್ವಲ್ಪ ಕಡಿಮೆ ಬಿತ್ತು. ಮರುದಿನವೇ ಎಬ್ಬಿಸಿ ನಿಲ್ಲಿಸಿದ್ದರು. ಆದರೆ ರಾತ್ರಿಯಾದರೆ ತಾನು ತವರುಮನೆಯಲ್ಲಿದ್ದೇನೆ ಎಂದು ತಿಳಿದು, ಎಂದೋ ತೀರಿಹೋದ ಅಣ್ಣನನ್ನು ಕರೆಯುತ್ತಿದ್ದಳು. ಕನ್ನಡಕವನ್ನೂ ಕಿವಿಯ ಯಂತ್ರವನ್ನೂ ಚೀಲದಿಂದ ತೆಗೆದು ಕೊಟ್ಟ ಮೇಲೆ ಅರ್ಧ ಸರಿಯಾಯಿತು, ಉಳಿದರ್ಧ ಮನೆಗೆ ಬಂದ ಮೇಲೆ. ಆಸ್ಪತ್ರೆಗೆ ಸೇರಿಸುವಾಗ ಈ ಎರಡನ್ನು ಕೈಗೆಟಕುವ ಹಾಗೆ ಇಡಿ.

ಮನೆಗೆ ಬಂದ ಮೇಲೆ ಹಣ ನೀರಾಯಿತು. ಏಜೆನ್ಸಿಯವರು ಕಳಿಸಿದ ಹುಡುಗಿಗೆ ತಿಂಗಳಿಗೆ ಇಪ್ಪತ್ತೆರಡು ಸಾವಿರ, ಊಟ ವಸತಿ ಬೇರೆ. ಜುಲೈ ಮಳೆ, ಜಿಗಣೆ, ಮೊಬೈಲಿಗೆ ಸಿಗ್ನಲ್ ಇಲ್ಲ. ಎರಡನೆಯ ವಾರದಲ್ಲಿ ಅತ್ತುಕೊಂಡು ಬಸ್ ಹತ್ತಿದಳು. ಅವಳದೇನೂ ತಪ್ಪಿಲ್ಲ. ಮುಂಗಡ ಮಾತ್ರ ವಾಪಸು ಬರಲಿಲ್ಲ. ಆಮೇಲೆ ಪಕ್ಕದ ಕೇರಿಯ ಹೆಂಗಸೊಬ್ಬರು ಹಗಲು ಹೊತ್ತು ಬರತೊಡಗಿದರು. ದಿನಕ್ಕೆ ಐನೂರು. ಅವರ ಮಾತಿಗೇ ಅಮ್ಮ ಅರ್ಧ ಗೆಲುವಾಗುತ್ತಿದ್ದಳು.

ಏರ್‌ಬೆಡ್‌ನದು ಮಲೆನಾಡಿನವರಿಗೇ ಮೀಸಲಾದ ತಾಪತ್ರಯ. ಮಲಗಿ ಮಲಗಿ ಬೆನ್ನು ಹುಣ್ಣಾಗದಿರಲಿ ಎಂದು ತಂದ, ಗಾಳಿ ತುಂಬುವ ಗುಳ್ಳೆಗುಳ್ಳೆಯ ಹಾಸಿಗೆ, ಪುಟ್ಟ ಪಂಪು, ನಾಲ್ಕು ಸಾವಿರದ ಆಸುಪಾಸು. ತಂದ ವಾರದಲ್ಲೇ ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲ. ಗಾಳಿ ಇಳಿದು ಹಾಸಿಗೆ ಚಪ್ಪಟೆಯಾಯಿತು, ಬೆನ್ನಿನ ಬುಡ ಕೆಂಪಗಾಯಿತು. ಪಂಪು ಎಳೆಯುವುದು ಎಂಟು ಹತ್ತು ವ್ಯಾಟ್, ಇನ್ವರ್ಟರಿಗೆ ಹಾಕಿದರೆ ವಾರ ಓಡುತ್ತದೆ ಎಂದು ಅಂಗಡಿಯವನು ಹೇಳಿದ. ಸುಳ್ಳು. ಇನ್ವರ್ಟರ್ ಸುಮ್ಮನೆ ಕುಳಿತೇ ಪಂಪಿಗಿಂತ ಹೆಚ್ಚು ತಿನ್ನುತ್ತದೆ. ಉಳಿದ ದೀಪಗಳನ್ನೆಲ್ಲ ಆ ಲೈನಿನಿಂದ ತೆಗೆದ ಮೇಲೂ ನನ್ನ ನೂರೈವತ್ತು ಎ.ಎಚ್. ಬ್ಯಾಟರಿ ಒಂದೂವರೆ ದಿನ ಬಂದಿತು, ಅಷ್ಟೆ. ಆಮೇಲೆ ಬ್ಯಾಟರಿಯನ್ನು ಜೀಪಿನಲ್ಲಿ ಹಾಕಿಕೊಂಡು ಜನರೇಟರ್ ಇದ್ದ ಮನೆಗೆ ಹೋಗಿ ಚಾರ್ಜ್ ಮಾಡಿಸಿಕೊಂಡು ಬಂದೆ. ನನ್ನ ಹೆಂಡತಿ ಮಾತ್ರ ಅಲಾರಂ ಇಟ್ಟುಕೊಂಡು ಎರಡೆರಡು ಗಂಟೆಗೆ ಎದ್ದು ಮಗ್ಗುಲು ಬದಲಿಸಿದಳು. ಹುಣ್ಣಾಗದೆ ಉಳಿದದ್ದು ಬ್ಯಾಟರಿಯಿಂದಲ್ಲ, ಅವಳಿಂದ.

ಬಟ್ಟೆ ಒಣಗಿಸುವುದಕ್ಕೂ ಒಂದು ಪ್ರಯೋಗ ನಡೆಯಿತು. ಮಳೆಗಾಲದಲ್ಲಿ ಅಡಿಕೆ ಡ್ರೈಯರ್ ಖಾಲಿ ಬಿದ್ದಿರುತ್ತದಲ್ಲ, ಅದರಲ್ಲಿ ಹಳೆಯ ಸೀರೆಯ ತುಂಡು, ಹೊದಿಕೆ ಎಲ್ಲ ಹರಡಿದೆ. ಎರಡು ಗಂಟೆಯಲ್ಲಿ ಗರಿಗರಿ. ಅಮ್ಮ ಮೂಸಿ ನೋಡಿ, "ನನ್ನನ್ನೂ ಒಣಗಿಸಿ ಮಂಡಿಗೆ ಕಳಿಸುತ್ತೀಯಾ?" ಎಂದಳು. ಹೊಗೆ ಒಳಗೆ ನುಗ್ಗದ ಹಾಗೆ ತಗಡು ಕಟ್ಟಿದ ಮೇಲೆ ಒಪ್ಪಿಕೊಂಡಳು. ಈಗಲೂ ಹಾಗೆಯೇ ಒಣಗಿಸುತ್ತೇವೆ.

ಇನ್ನು ನಡಿಗೆ. ತೀರ್ಥಹಳ್ಳಿಯಿಂದ ಫಿಸಿಯೋಥೆರಪಿಯವರು ಬರುತ್ತಿದ್ದರು. ಸಲಕ್ಕೆ ಆರುನೂರು, ಪೆಟ್ರೋಲ್ ನಮ್ಮದು. ಒಳ್ಳೆಯ ಮನುಷ್ಯ, ಚೆನ್ನಾಗಿಯೇ ಕಲಿಸಿದರು. ಅವರಿದ್ದಾಗ ಅಮ್ಮ ಹತ್ತು ಹೆಜ್ಜೆ ಹಾಕುತ್ತಿದ್ದಳು. ಅವರ ಬೈಕು ತಿರುವು ದಾಟುವುದರೊಳಗೆ ಮಲಗಿರುತ್ತಿದ್ದಳು. ವಾಕರ್ ಹೊಸ್ತಿಲು ದಾಟುವುದಿಲ್ಲ. ಹಳೆಯ ಮನೆಯ ಹೊಸ್ತಿಲು, ಮುಕ್ಕಾಲು ಅಡಿ ಎತ್ತರ. ಕತ್ತರಿಸಿಬಿಡೋಣ ಎಂದರೆ ನಡೆಯಲಾಗದ ಅಮ್ಮನೇ ಮೊದಲು ಬೇಡ ಎಂದಳು. ಹಲಗೆಯ ಇಳಿಜಾರು ಮಾಡಿಸಿದೆ, ಅದರ ಮೇಲೆ ಹಿಂದಕ್ಕೆ ವಾಲಿದಳು, ತೆಗೆದುಹಾಕಿದೆ. ಹೊಸ್ತಿಲಿನ ಎರಡೂ ಕಡೆ ಅಗಲವಾದ ಗಟ್ಟಿ ಮೆಟ್ಟಿಲಿಟ್ಟ ಮೇಲೆ ಸರಿಹೋಯಿತು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಈ ಪಾಠವನ್ನು ಅವಳು ಈಗ ಮಂಡಿನೋವಿನ ನೆರೆಯವರಿಗೆಲ್ಲ ಬೋಧಿಸುತ್ತಾಳೆ.

ಹಿಡಿದು ನಡೆಯಲಿಕ್ಕೆ ಕಬ್ಬಿಣದ ಪೈಪನ್ನು ಗೋಡೆಗೆ ಬೋಲ್ಟ್ ಮಾಡಿಸಿದೆ. ಮೂರು ಸಾವಿರ ಖರ್ಚು. ಮಣ್ಣಿನ ಗೋಡೆ ಮಳೆಗೆ ತಂಪು ಹಿಡಿದಿತ್ತು. ನಾನು ತೂಗಿ ನೋಡಿದಾಗಲೇ ಬೋಲ್ಟ್ ಮಣ್ಣಿನ ಸಮೇತ ಕೈಗೆ ಬಂತು. ಗೋಡೆಯ ಸಹವಾಸ ಬಿಟ್ಟು ಕಂಬಗಳಿಗೆ ಕಟ್ಟುವ ಯೋಚನೆ ಹೊಳೆದದ್ದು ಆಗ. ನಮ್ಮ ಮನೆಗಳಲ್ಲಿ ಕಂಬಕ್ಕೇನು ಬರವೇ? ಇಲ್ಲದ ಕಡೆ ನಾಲ್ಕು ಅಡಿಗೊಂದರಂತೆ ಹೊಸ ಗೂಟ ನಿಲ್ಲಿಸಿದೆ. ಅವಕ್ಕೆ ಅಡ್ಡಲಾಗಿ ಕಟ್ಟಿದ್ದು ಬಲಿತ ಅಡಿಕೆ ಮರದ ಬುಡದ ದಬ್ಬೆ, ಎಂದರೆ ಮರವನ್ನು ಉದ್ದಕ್ಕೆ ಸೀಳಿದ ಪಟ್ಟಿ, ಎರಡು ಅಂಗುಲ ಅಗಲ, ಬಡಗಿಯಿಂದ ಅಂಚು ಉರುಟು ಮಾಡಿಸಿ ಉಜ್ಜಿಸಿದ್ದು. ಸಿಬಿರು ಒಂದೂ ಇರಕೂಡದು, ಹಿರಿಯರ ಚರ್ಮ ಕಾಗದ. ಎತ್ತರಕ್ಕೆ ಒಂದೇ ಲೆಕ್ಕ: ಅವರು ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟು ಎಲ್ಲಿಗೆ ಬರುತ್ತದೆಯೋ ಅಲ್ಲಿಗೆ. ಬಳಿಯಲು ಎರಡು ಎಣ್ಣೆ ಬೆರೆಸಿದ್ದೇನೆ. ಒದ್ದೆ ಕೈಯೂ ಜಾರುವುದಿಲ್ಲ, ಹುಳುವೂ ಹಿಡಿಯುವುದಿಲ್ಲ. ಯಾವುವು ಎಂದು ಬಡಗಿಗೂ ಹೇಳಿಲ್ಲ. ಬಡಗಿಯ ಕೂಲಿ ಸೇರಿ ಎರಡೂವರೆ ಸಾವಿರದೊಳಗೆ ಮುಗಿಯಿತು. ನನ್ನ ಭಾವ ನೋಡಿ, "ಇದೇನು, ಕೊಟ್ಟಿಗೆಗೆ ಅಡ್ಡಗಳ ಕಟ್ಟಿದ ಹಾಗಿದೆ" ಎಂದರು.

ದಬ್ಬೆ ಬಂದ ಮೇಲೂ ಅಮ್ಮ ಏಳಲಿಲ್ಲ. ಎದ್ದು ಎಲ್ಲಿಗೆ ಹೋಗಬೇಕು, ಅವಳಿಗೆ ಏನು ಕೆಲಸವಿದೆ? ರೇಡಿಯೊವನ್ನು ಜಗಲಿಯ ಆ ತುದಿಯಲ್ಲಿಟ್ಟೆ. ಬೆಳಗಿನ ಭದ್ರಾವತಿ ಆಕಾಶವಾಣಿ ಅವಳಿಗೆ ಬೇಕೇ ಬೇಕು. ನಾಲ್ಕು ದಿನ ನಡೆದು ಹೋದಳು. ಐದನೆಯ ದಿನ ಮಂಚದಿಂದಲೇ "ಸ್ವಲ್ಪ ಜೋರು ಮಾಡು" ಎಂದಳು.

ಸೆಪ್ಟೆಂಬರಿನಲ್ಲಿ ಮಳೆ ಬಿಡುವು ಕೊಟ್ಟಾಗ, ಹಿಂದಿನ ವರ್ಷ ಮಾರದೆ ಉಳಿದಿದ್ದ ಚೀಲವೊಂದನ್ನು ಜಗಲಿಯಲ್ಲಿ ಸುರಿದೆ. ನಾನು ಆರಿಸಲು ಕುಳಿತೆ. ಬೆಟ್ಟೆ, ಗೊರಬಲು ಎಂಬ ಬೇರೆ ದರ್ಜೆಯ ಅಡಿಕೆಗಳು ರಾಶಿ ಎಂಬ ದರ್ಜೆಯೊಳಗೆ ಬೀಳುವ ಹಾಗೆ, ಬೇಕೆಂದೇ ತಪ್ಪಾಗಿ. ಕಿವಿ ಮಂದವಾದರೂ ಅಡಿಕೆ ಸದ್ದು ಅವಳಿಗೆ ಕೇಳುತ್ತದೆ. ಕೋಣೆಯ ಬಾಗಿಲಿನವರೆಗೆ ದಬ್ಬೆ ಹಿಡಿದು ಬಂದಳು, ಅಲ್ಲಿಂದಲೇ ಬೈದಳು. ಮರುದಿನ ಹತ್ತಿರ ಬಂದು ಬೈದಳು. ಮೂರನೆಯ ದಿನ ಕುರ್ಚಿ ಕೇಳಿದಳು. ಅರವತ್ತು ವರ್ಷ ಮಣೆಯ ಮೇಲೆ ಕುಳಿತವಳು, ಕೆಳಗೆ ಕೂರುತ್ತೇನೆ ಎಂದು ಹಟ ಮಾಡಿದಳು. ಈ ಆಪರೇಷನ್ ಆದವರು ತಗ್ಗಿನಲ್ಲಿ ಕೂರಬಾರದು, ಕಾಲ ಮೇಲೆ ಕಾಲು ಹಾಕಬಾರದು, ಕೀಲು ಕಳಚುವ ಭಯ. ಹಾಗಾಗಿ ಮಂಡಿಗಿಂತ ಸೊಂಟ ಮೇಲಿರುವ ಎತ್ತರದ ಕುರ್ಚಿ, ಮುಂದೆ ಅಂಚು ಕಟ್ಟಿದ ಮೇಜು.

ಮೊದಲು ಅರ್ಧ ಗಂಟೆ, ಕ್ರಮೇಣ ಬೆಳಿಗ್ಗೆ ಒಂದೂವರೆ, ಸಂಜೆ ಒಂದು ಗಂಟೆ. ಕೆಜಿಗೆ ಐದು ರೂಪಾಯಿ ಕೂಲಿ ಅವಳೇ ನಿಗದಿ ಮಾಡಿದಳು, ಶನಿವಾರ ಎಣಿಸಿ ತೆಗೆದುಕೊಳ್ಳುತ್ತಾಳೆ. ಮುಖ್ಯ ವಿಷಯವೆಂದರೆ ಅಡಿಕೆಯನ್ನು ಅವಳ ಬಳಿಗೆ ಯಾರೂ ತಂದುಕೊಡಬಾರದು. ಮೊದಲಿಗೆ ಹೆಂಡತಿ ಅಯ್ಯೋ ಪಾಪ ಎಂದು ಮಂಚದ ಹತ್ತಿರಕ್ಕೇ ಮೊರದಲ್ಲಿ ಒಯ್ದು ಕೊಟ್ಟಳು, ಆ ವಾರ ನಡಿಗೆ ನಿಂತೇ ಹೋಯಿತು. ಅಮ್ಮ ಆರಿಸಿದ ರಾಶಿಗೆ ಶಿವಮೊಗ್ಗದ ಮಂಡಿಯಲ್ಲಿ ಕ್ವಿಂಟಲಿಗೆ ಸಾವಿರದ ಹತ್ತಿರ ಹೆಚ್ಚು ಸಿಕ್ಕಿತು. ನಾನು ಆರಿಸಿದ್ದಕ್ಕೆ ಅಷ್ಟು ಎಂದೂ ಬಂದಿಲ್ಲ.

ನನಗೂ ಅರವತ್ತೆರಡು. ಮೊದಲ ತಿಂಗಳು ಅವಳನ್ನು ಕಂಕುಳಿಗೆ ಕೈ ಹಾಕಿ ಎತ್ತಿ ಎತ್ತಿ ನನ್ನ ನಡುವೇ ಹಿಡಿದುಕೊಂಡಿತು. ಒಂದು ವಾರ ಅಮ್ಮ ಮಗ ಇಬ್ಬರೂ ಅಕ್ಕಪಕ್ಕದ ಮಂಚದಲ್ಲಿ. ಬೆಂಗಳೂರಿನಿಂದ ಮಗ, "ಅಪ್ಪಯ್ಯ, ನಿಮ್ಮನ್ನು ಯಾರು ಎತ್ತುತ್ತಾರೆ?" ಎಂದು ಕೇಳಿದ. ಉತ್ತರವಿರಲಿಲ್ಲ. ಈಗ ಹಳೆಯ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಅವಳ ನಡುವಿಗೆ ಬಿಗಿದು, ಹಿಂದೆ ಅದನ್ನೇ ಹಿಡಿದು, ನಾನು ಮಂಡಿ ಬಗ್ಗಿಸಿ ಎಬ್ಬಿಸುತ್ತೇನೆ. ಅವಳ ಭುಜಕ್ಕೂ ಎಳೆತವಿಲ್ಲ, ನನ್ನ ನಡುವಿಗೂ ಇಲ್ಲ. ತಗ್ಗಾದ ಜಾಗದಿಂದ ಎಬ್ಬಿಸಲು ಈಗಲೂ ಇದೇ.

ರಾತ್ರಿ ಕರೆಯಲಿಕ್ಕೆ ಮೊದಲು ಕರುವಿನ ಗಂಟೆ ಕಟ್ಟಿದ್ದೆ. ಹೊದಿಕೆ ಸರಿಸಲಿಕ್ಕೂ ಬಾರಿಸಿದಳು. ಬ್ಯಾಟರಿಯ ಕಾಲಿಂಗ್ ಬೆಲ್ ತಂದರೆ ಸದ್ದು ದಪ್ಪ ಗೋಡೆ ದಾಟಲಿಲ್ಲ. ಅವಳು ರಾತ್ರಿ ಒಬ್ಬಳೇ ಎದ್ದು ಹೋಗದ ಹಾಗೆ ಕೊನೆಗೆ ಒಂದು ಉಪಾಯ ಮಾಡಿದ್ದೇನೆ, ಒಂದು ವರ್ಷದಿಂದ ಕೈಕೊಟ್ಟಿಲ್ಲ. ಬರೆಯುವಂತಿಲ್ಲ. ಮೊಮ್ಮಗಳು ಇದನ್ನೆಲ್ಲ ಅವಳಿಗೆ ಓದಿ ಹೇಳುತ್ತಾಳೆ.

ದಬ್ಬೆ ಎರಡು ಮಳೆಗಾಲ ಕಂಡಿದೆ. ಬಚ್ಚಲಿನ ಕಡೆಯದು ಕುಂಬಾಗುತ್ತಿದೆ, ಈ ಬೇಸಿಗೆಯಲ್ಲಿ ಬದಲಿಸಬೇಕು. ಅಳತೆ ನೋಡಬೇಕೆನ್ನುವವರು ಅಡಿಕೆಯ ಕೊನೆಕೊಯ್ಲು ಮುಗಿದ ಮೇಲೆ ಬನ್ನಿ. ಮಧ್ಯಾಹ್ನ ಬೇಡ, ಆಗ ಅಮ್ಮ ಮಲಗಿರುತ್ತಾಳೆ. ಬೆಳಿಗ್ಗೆ ಬಂದರೆ ಮಾತ್ರ ನಿಮ್ಮನ್ನೂ ಆರಿಸಲು ಕೂರಿಸುತ್ತಾಳೆ, ಕೂಲಿ ಕೊಡುವುದಿಲ್ಲ.