ಎಮಿಷನ್ ಟೆಸ್ಟ್ ಫೇಲ್: ಕ್ಯಾಟ್ ಬದಲಿಸುವ ಮುಂಚೆ ಥರ್ಮೋಸ್ಟಾಟ್ ನೋಡಿ

ಬಿಎಸ್-4 ಪೆಟ್ರೋಲ್ ಕಾರು, ಕಲಬುರಗಿ, ಡಿಸೆಂಬರ್ ತಿಂಗಳು. ಎಮಿಷನ್ ಚೀಟಿಯ ಪ್ರಕಾರ ಐಡಲ್‌ನಲ್ಲಿ ಸಿಒ (ಕಾರ್ಬನ್ ಮೋನಾಕ್ಸೈಡ್) ಶೇ. 0.84, ಎಚ್‌ಸಿ (ಸುಡದೆ ಉಳಿದ ಪೆಟ್ರೋಲ್) 340 ಪಿಪಿಎಂ. ರೇಸ್ ಕೊಟ್ಟು 2500 ಆರ್‌ಪಿಎಂನಲ್ಲಿ ಹಿಡಿದಾಗ ಸಿಒ 0.9, ಲ್ಯಾಂಬ್ಡಾ 0.96. ಮಿತಿ ಇರುವುದು ಐಡಲ್‌ಗೆ 0.3 ಮತ್ತು 200. ರೇಸ್‌ಗೆ ಸಿಒ 0.2, ಲ್ಯಾಂಬ್ಡಾ 0.97ರಿಂದ 1.03. ಚೀಟಿ ನೋಡಿದವರೆಲ್ಲ ಹೇಳಿದ್ದು ಒಂದೇ: 'ಕ್ಯಾಟ್ ಹೋಗ್ಯಾದ್ರಿ, ಹೊಸಾದು ಹಾಕಸ್ರಿ.'

ಕ್ಯಾಟ್ ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್, ಹೊಗೆಯಲ್ಲಿನ ವಿಷಾನಿಲ ಸುಡುವ ಡಬ್ಬಿ. ಸೈಲೆನ್ಸರ್ ಲೈನಿನಲ್ಲೇ ದುಬಾರಿ ಸಾಮಾನು. ಅದರ ಮೇಲೆ ಅನುಮಾನ ಕೊನೆಗೆ ಬರಬೇಕು. ಇಲ್ಲಿ ದಾರಿ ತೋರಿಸಿದ್ದು ಲ್ಯಾಂಬ್ಡಾ, ಅಂದರೆ ಪೆಟ್ರೋಲಿಗೆ ಗಾಳಿ ಎಷ್ಟು ಅನ್ನುವ ಅಳತೆ. 1 ಇದ್ದರೆ ಎರಡೂ ಸರಿಯಾಗಿ ಹೊಂದಿವೆ. 1ಕ್ಕಿಂತ ಕೆಳಗೆ ಇಳಿದಿದೆ ಅಂದರೆ ಎಂಜಿನ್ನಿಗೇ ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಕ್ಯಾಟ್ ಎಷ್ಟೇ ಚೆನ್ನಾಗಿದ್ದರೂ ಅಷ್ಟು ಸಿಒ ಸುಡಲು ಅದಕ್ಕೆ ಆಕ್ಸಿಜನ್ ಸಾಲುವುದಿಲ್ಲ. ಸಿಒ ಕಡಿಮೆ ಇದ್ದು ಎಚ್‌ಸಿ ಒಂದೇ ಏರಿದ್ದರೆ ಮಿಸ್ಸಿಂಗ್ ಹುಡುಕುತ್ತಿದ್ದೆ: ಪ್ಲಗ್, ಕಾಯಿಲ್, ಕಂಪ್ರೆಶನ್. ಲ್ಯಾಂಬ್ಡಾ 1.03 ದಾಟಿದ್ದರೆ ವ್ಯಾಕ್ಯೂಮ್ ಪೈಪು, ಸೈಲೆನ್ಸರ್ ಜಾಯಿಂಟಿನ ಲೀಕು.

ಏರ್ ಫಿಲ್ಟರ್ ತೆಗೆದರೆ ಶಹಾಬಾದ್ ಕಲ್ಲಿನ ಬೂದು ಪುಡಿ ತುಂಬಿತ್ತು. ಬದಲಿಸಿದೆ, ಆದರೆ ಕಾರಣ ಅದಲ್ಲ ಅಂತ ಗೊತ್ತಿತ್ತು. ಫಿಲ್ಟರ್ ಕಟ್ಟಿದರೆ ಪೆಟ್ರೋಲ್ ಜಾಸ್ತಿ ಅನ್ನುವುದು ಕಾರ್ಬ್ಯುರೇಟರ್ ಕಾಲದ ಮಾತು. ಇಂಜೆಕ್ಷನ್ ಗಾಡಿಯಲ್ಲಿ ಒಳಗೆ ಬರುವ ಗಾಳಿಯ ಲೆಕ್ಕಕ್ಕೇ ಪೆಟ್ರೋಲ್ ಬೀಳುತ್ತದೆ. ಪಿಕಪ್ ಕುಗ್ಗುತ್ತದೆ ಅಷ್ಟೆ.

ನಂತರ ಬ್ಲೂಟೂತ್ ಸ್ಕ್ಯಾನರ್. ಚೆಕ್ ಲೈಟ್ ಉರಿದಿರಲಿಲ್ಲ, ಕೋಡ್ ಒಂದೂ ಇಲ್ಲ. ರಾತ್ರಿಯಿಡೀ ನಿಂತ ಗಾಡಿಯ ಕೀಲಿ ಬೆಳಿಗ್ಗೆ ಆನ್ ಮಾಡಿ, ಸ್ಟಾರ್ಟ್ ಮಾಡದೆ ಎರಡು ಅಂಕಿ ನೋಡಿದೆ: ಕೂಲಂಟ್ 18 ಡಿಗ್ರಿ, ಒಳಗೆ ಹೋಗುವ ಗಾಳಿ 17. ಎರಡೂ ಹೊಂದಿವೆ, ಅಂದರೆ ಸೆನ್ಸರ್ ಸುಳ್ಳು ಹೇಳುತ್ತಿಲ್ಲ. ಸೇಡಂ ರಸ್ತೆಯಲ್ಲಿ 15 ನಿಮಿಷ ಓಡಿಸಿದ ಮೇಲೂ ಕೂಲಂಟ್ 61ರಲ್ಲೇ ನಿಂತಿತ್ತು. 85ರಿಂದ 95 ಇರಬೇಕಾದದ್ದು. ಪರದೆಯಲ್ಲಿ ಇನ್ನೂ ಓಪನ್ ಲೂಪ್: ಎಂಜಿನ್ ಕಾದಿಲ್ಲ ಅಂದುಕೊಂಡ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಹೊಗೆ ಅಳೆಯುವ ಆಕ್ಸಿಜನ್ ಸೆನ್ಸರ್ ಮಾತು ಕೇಳದೆ ಪೆಟ್ರೋಲ್ ಜಾಸ್ತಿ ಬಿಡುತ್ತಿತ್ತು. ಇಂಜೆಕ್ಟರ್ ಸೋರುತ್ತಿದ್ದರೆ ಕಥೆ ಬೇರೆ. ಆಗ ಇಸಿಯು ಸೆನ್ಸರ್ ಮಾತು ಕೇಳುವ ಕ್ಲೋಸ್ಡ್ ಲೂಪಿಗೆ ಬಂದು, ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಪೆಟ್ರೋಲ್ ಹೆಚ್ಚು-ಕಡಿಮೆ ತಿದ್ದುವ ಅಂಕಿ) ಮೈನಸ್ ಶೇ. 10 ದಾಟಿ ಇಳಿಯುತ್ತಿತ್ತು.

ಎಂಜಿನ್ ಕಾಯದಿದ್ದರೆ ಅನುಮಾನ ಥರ್ಮೋಸ್ಟಾಟ್ ಮೇಲೆ: ಎಂಜಿನ್ ಕಾಯುವ ತನಕ ಕೂಲಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ ಅದು. ಸ್ಕ್ಯಾನರ್ ಇಲ್ಲದವರಿಗೂ ಇದು ಸಿಗುತ್ತದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಮೇಲೆ ಕೈಯಿಡಿ, ಫ್ಯಾನಿನಿಂದ ಬೆರಳು ದೂರ. ಥರ್ಮೋಸ್ಟಾಟ್ ಸರಿ ಇದ್ದರೆ ಹೋಸ್ ಬಹಳ ಹೊತ್ತು ತಣ್ಣಗಿದ್ದು, ವಾಲ್ ತೆರೆದಾಗ ಒಮ್ಮೆಲೆ ಬಿಸಿಯಾಗುತ್ತದೆ. ಇಲ್ಲಿ ಮೊದಲ ನಿಮಿಷದಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತ ಬಂತು.

ಎಂಜಿನ್ ಪೂರ್ತಿ ಆರಿದ ಮೇಲೆ ಹೌಸಿಂಗಿನ ಎರಡು ಬೋಲ್ಟ್ ಬಿಚ್ಚಿದೆ. ಒಳಗೆ ಏನೂ ಇಲ್ಲ! ಹಿಂದಿನ ಮೇ ತಿಂಗಳಲ್ಲಿ ಗಾಡಿ ಹೀಟ್ ಆದಾಗ ಯಾರೋ ಮಿಸ್ತ್ರಿ ವಾಲ್ ಕಿತ್ತು ಒಗೆದಿದ್ದ. ನಮ್ಮ ಕಡೆ ಇದು ರೂಢಿಯೇ ಆಗಿಬಿಟ್ಟಿದೆ.

ಹೊಸದನ್ನು ಹಾಕುವ ಮುಂಚೆ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿದೆ. ಮೇಲೆ 82 ಅಂತ ಬರೆದಿತ್ತು. ಥರ್ಮಾಮೀಟರ್ 82-83 ತೋರಿಸುವಾಗ ತುಸು ಬಾಯಿ ಬಿಟ್ಟಿತು, ನೀರು ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿತ್ತು. ಕೂರಿಸುವಾಗ ಅದರ ಸಣ್ಣ ಗಾಳಿ ಪಿನ್ ಮೇಲ್ಮುಖವಾಗಿರಬೇಕು, ಇಲ್ಲವೆಂದರೆ ಗಾಳಿ ಸಿಕ್ಕಿಬೀಳುತ್ತದೆ. ಕೂಲಂಟಿಗೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿದೆ. ಬೋರ್ ನೀರು ಬೇಡ, ಅದರ ಸುಣ್ಣ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ ಕಟ್ಟುತ್ತದೆ.

ಪ್ಲಗ್‌ಗಳ ಮೇಲೆ ಒಣ ಕರಿ ಮಸಿ, ಗ್ಯಾಪ್ 1.1 ಮಿ.ಮೀ. ಇರಬೇಕಾದಲ್ಲಿ 1.3. ನಾಲ್ಕೂ ಹೊಸವು ಹಾಕಿದೆ. ಬಹಳ ಮಂದಿ ಮರೆಯುವುದು ಎಂಜಿನ್ ಆಯಿಲ್. ತಿಂಗಳುಗಟ್ಟಲೆ ಹೀಗೆ ಓಡಿದ ಗಾಡಿಯ ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ. ಆ ಆವಿ ಪಿಸಿವಿ ಪೈಪಿನಿಂದ (ಆಯಿಲ್ ಕಡೆಯ ಆವಿಯನ್ನು ಎಂಜಿನ್ನಿಗೇ ಮರಳಿಸುವ ಪೈಪು) ಮತ್ತೆ ಇಂಟೇಕಿಗೆ ಹೋಗಿ ಸಿಒ ಏರಿಸಬಹುದು. ಆಯಿಲ್, ಆಯಿಲ್ ಫಿಲ್ಟರ್ ಎರಡೂ ಬದಲಿಸಿಯೇ ಟೆಸ್ಟಿಗೆ ಹೋದದ್ದು.

ಹೋಗುವಾಗ 20 ನಿಮಿಷ ಓಡಿಸಿ, ಸರದಿಯಲ್ಲಿ ಎಂಜಿನ್ ಆರಿಸದೆ, ಎಸಿ ಬಂದ್ ಮಾಡಿ, ಪೈಪು ಹಾಕುವ ಮುಂಚೆ ಎರಡು ನಿಮಿಷ 2500ರಲ್ಲಿ ಹಿಡಿದೆ. ಕ್ಯಾಟ್ ಕಾಯದೆ ಕೆಲಸ ಮಾಡುವುದಿಲ್ಲ. ಈ ಸಲ ಐಡಲ್ ಸಿಒ 0.06, ಎಚ್‌ಸಿ 48, ಲ್ಯಾಂಬ್ಡಾ 1.00. ಕ್ಯಾಟ್ ಹಳೆಯದೇ.

ಮೇ ತಿಂಗಳ ಹೀಟಿಗೆ ನಿಜವಾದ ಕಾರಣ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಸಿಕ್ಕಿತು: ತೊಗರಿ ಹೊಟ್ಟು, ಎರೆಮಣ್ಣಿನ ಧೂಳು ಸೇರಿ ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು. ಎಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲನೆಯ ನೀರಿನಲ್ಲಿ ತೊಳೆದೆ. ಜೋರು ಪ್ರೆಶರ್ ಹೊಡೆದರೆ ಫಿನ್ನುಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ.